ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಹೋಗಲಿ ಎಂದು ಕಾಯುತ್ತಿದ್ದವರು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಕಚೇರಿಯ ಪತ್ರ, ಟಿಪ್ಪಣಿ ಮತ್ತು ನಡವಳಿಗಳನ್ನು ಹೊರತುಪಡಿಸಿ ನಾನು ಇದುವರೆಗೆ ಬೇರೇನನ್ನೂ ಬರೆದವಳಲ್ಲ. ಹೆಗ್ಗಡದೇವನಕೋಟೆಯ ಸರ್ಕಾರಿ ಕಚೇರಿಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ವಿಷಯ ನಿರ್ವಾಹಕಿಯಾಗಿ ಕರ್ತವ್ಯ ನಿರ್ವಹಿಸುತ್ತಿದ್ದೇನೆ. ವಿಷಯ ಮತ್ತು ಉಲ್ಲೇಖ ಎಂಬ ಎರಡು ಸಾಲುಗಳಿಲ್ಲದೆ ಬರವಣಿಗೆ ಆರಂಭಿಸಲು ಕೈ ಹಿಂಜರಿಯುವುದರಿಂದ ಅವೆರಡನ್ನೂ ಮೊದಲೇ ನಿವೇದಿಸುತ್ತೇನೆ. ವಿಷಯ: ಹ್ಯಾಂಡ್‌ಪೋಸ್ಟಿನಲ್ಲಿ ಧ್ವನಿಮುದ್ರಣದ ಅಂಗಡಿ ಇಟ್ಟುಕೊಂಡಿದ್ದ ಹಿರಿಯರೊಬ್ಬರು. ಉಲ್ಲೇಖ: ಅವರು ಪೆನ್ಸಿಲಿನಲ್ಲಿ ಒಂದು ಅಂಕಿ ಬರೆದು ನನ್ನ ತಾಯಿಯವರ ಕೈಗೆ ಕೊಟ್ಟಿದ್ದ, ನಾನು ಹರಿದು ಬಿಸಾಡಿದ, ಹಳದಿ ಕಾಗದದ ಲಕೋಟೆ.

ಅವರ ಹೆಸರನ್ನು ಇಲ್ಲಿ ನಮೂದಿಸುತ್ತಿಲ್ಲ. ಅವರೇ ತಮ್ಮ ಹೆಸರನ್ನು ಎಲ್ಲಿಯೂ ನಮೂದಿಸುತ್ತಿರಲಿಲ್ಲ. ಅಂಗಡಿಯ ಫಲಕದ ಮೇಲೆ ರೆಕಾರ್ಡಿಂಗ್, ಕಂಪ್ಯೂಟರ್ ರಿಪೇರಿ ಎಂಬಷ್ಟೇ ಬರಹವಿತ್ತು. ಜನರು ಅವರನ್ನು ರೆಕಾರ್ಡಿಂಗ್‌ನವರು ಎನ್ನುತ್ತಿದ್ದರು. ಈಗ ಅದೇ ಮಳಿಗೆಯಲ್ಲಿ ಮೊಬೈಲಿನ ಕವರುಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ನಾನು ಬಾಡಿಗೆಗಿರುವ ಮನೆ ಅಲ್ಲಿಂದ ನಾಲ್ಕು ಹೆಜ್ಜೆ. ದಿನಕ್ಕೆ ಎರಡು ಬಾರಿ ಆ ಮಳಿಗೆಯ ಮುಂದೆ ಹಾದುಹೋಗುತ್ತೇನೆ, ಎರಡು ಬಾರಿಯೂ ಒಳಗೆ ಇಣುಕುತ್ತೇನೆ.

ನೋಡಲು ಅವರು ತೆಳ್ಳಗೆ, ಸ್ವಲ್ಪ ಬಾಗಿದವರು. ಅರವತ್ತರ ಆಸುಪಾಸು. ಅರ್ಧ ತೋಳಿನ ಅಂಗಿಯ ಜೇಬಿನಲ್ಲಿ ಸದಾ ಒಂದು ಮೋಟು ಪೆನ್ಸಿಲು. ಯಾರಾದರೂ ಮಾತನಾಡುತ್ತಿದ್ದರೆ ಅವರ ಮುಖ ನೋಡದೆ, ಕಣ್ಣು ಮುಚ್ಚಿ, ತಲೆಯನ್ನು ಬಲಕ್ಕೆ ವಾಲಿಸಿ ಕೇಳುತ್ತಿದ್ದರು. ಮೊದಲ ಸಲ ನೋಡಿದವರಿಗೆ ಇವರು ತೂಕಡಿಸುತ್ತಿದ್ದಾರೆ ಎನಿಸುತ್ತಿತ್ತು. ಯೌವನದಲ್ಲಿ ಗಡಿಯಾಚೆ ಮಾನಂದವಾಡಿಯ ರೇಡಿಯೊ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಕಲಿತಿದ್ದರಿಂದ ಅವರ ಬಾಯಿಗೆ ಮಲಯಾಳದ ನಾಲ್ಕಾರು ಮಾತುಗಳು ಅಂಟಿಕೊಂಡಿದ್ದವು. ಅವರ ಕಿವಿಗೆ ಅಂಟಿಕೊಂಡಿದ್ದು ಬಸ್ಸುಗಳು. ರಸ್ತೆಗೆ ಬೆನ್ನು ಮಾಡಿ ಕುಳಿತೇ, ಇದು ಮೈಸೂರಿಂದ ಬಂದದ್ದು, ಇದು ಮಾನಂದವಾಡಿಗೆ ಹೊರಟದ್ದು, ಇದಕ್ಕೆ ಎರಡನೇ ಗೇರು ಸರಿಯಿಲ್ಲ ಎಂದು ಹೇಳುತ್ತಿದ್ದರು.

ಬಸ್ಸಿನ ಲೆಕ್ಕ ಅವರ ವೃತ್ತಿಗೆ ಅತ್ಯಗತ್ಯವಾಗಿತ್ತು. ಹ್ಯಾಂಡ್‌ಪೋಸ್ಟೆಂದರೆ ನಾಲ್ಕು ದಿಕ್ಕಿನ ರಸ್ತೆ ಕೂಡುವ ಜಾಗ. ಅಂತಹ ಕಡೆ ಧ್ವನಿಮುದ್ರಣದ ಅಂಗಡಿ ಇಟ್ಟವರು ಬೇರೊಬ್ಬರಿಲ್ಲ. ಗೋಡೆಗೆ ಹಳೆಯ ರಗ್ಗುಗಳನ್ನು ಹೊಡೆದಿದ್ದರೂ ಶಬ್ದ ನುಸುಳುತ್ತಿತ್ತು. ಆದ್ದರಿಂದ ಒಂದು ಬಸ್ಸು ಹೋಗಿ ಇನ್ನೊಂದು ಬರುವ ನಡುವಿನ ಅವಧಿಯಲ್ಲಿಯೇ ಅವರ ಕೆಲಸ ನಡೆಯಬೇಕಾಗಿತ್ತು. ಫ್ಯಾನು ಆರಿಸಿ, ಪಕ್ಕದ ಟೀ ಅಂಗಡಿಯವರಿಗೆ ಗೋಡೆ ತಟ್ಟಿ ಫ್ರಿಜ್ಜು ಆಫ್ ಮಾಡಿಸಿ, ಮುದ್ರಣದ ಗುಂಡಿ ಒತ್ತಿ, ಅನಂತರ ಸುಮ್ಮನೆ ಕಾಯುತ್ತಿದ್ದರು. ಗುಂಡಿಯನ್ನು ಮೊದಲೇ ಏಕೆ ಒತ್ತುತ್ತೀರಿ ಎಂದು ಒಮ್ಮೆ ವಿಚಾರಿಸಿದ್ದೆ.

"ಟಕ್ ಅಂತ ಸದ್ದಾದ್ ತಕ್ಷಣ ಮನುಷ್ರ ಗಂಟ್ಲು ಬಿಗೀತದೆ ಮೇಡಂ. ಮೊದ್ಲೇ ಒತ್ತಿ ಮರ್ತುಬುಟ್ರೆ ಅವ್ರೂ ಮರೀತಾರೆ. ಬಸ್ಸಿನ ಸದ್ದು, ನನ್ ಮಾತು, ಎಲ್ಲಾನೂ ಆಮೇಲೆ ಕತ್ತರಿಸ್ತೀನಿ."

ಹೀಗೆ ಸುತ್ತಮುತ್ತಲ ಊರುಗಳ ಮದುವೆಯ ಹಾಡು, ಭಜನೆ, ಕಾಡಂಚಿನ ಆದಿವಾಸಿ ಹಾಡಿಗಳ ಹಿರಿಯರ ಕಥೆ, ಆಟೋದ ಮೈಕಿನ ಪ್ರಕಟಣೆ, ಇವೆಲ್ಲವನ್ನೂ ಹಿಡಿದ ಮನುಷ್ಯ ತಮ್ಮ ಮಾತನ್ನು ಮಾತ್ರ ಪ್ರತಿಯೊಂದರಿಂದಲೂ ಕತ್ತರಿಸಿ ಎಸೆದಿದ್ದರು.

ನನಗೆ ಅವರ ಪರಿಚಯವಾದದ್ದು ಒಂದು ಸೌಂಡ್ ಕಾರ್ಡಿನ, ಅಂದರೆ ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಸಾಧನದ, ಸಲುವಾಗಿ. ಹನಗೋಡಿನಲ್ಲಿ ಅಣ್ಣನ ಮನೆಯಲ್ಲಿರುವ ನನ್ನ ತಾಯಿಯವರು ನಾಟಿಯ ಪದ, ಸೋಬಾನೆ ಪದಗಳನ್ನು ಹೇಳುವುದರಲ್ಲಿ ಲಕ್ಷ್ಮಣತೀರ್ಥದ ಎರಡೂ ದಂಡೆಯವರಿಗೆ ಬೇಕಾದವರು. ಗದ್ದೆಯ ಈ ಬದುವಿನಿಂದ ಅವರು ಎತ್ತಿದ ಪದ ಆ ಬದುವಿನವರೆಗೆ ಕೇಳುತ್ತಿತ್ತು. ಅವರ ಗಂಟಲಿನಲ್ಲಿ ಗಡ್ಡೆಯೊಂದು ಕಾಣಿಸಿಕೊಂಡು, ಶಸ್ತ್ರಚಿಕಿತ್ಸೆ ಅನಿವಾರ್ಯವೆಂದೂ, ತದನಂತರ ಧ್ವನಿ ಮೊದಲಿನಂತೆ ಇರುವುದೆಂದು ಖಚಿತವಾಗಿ ಹೇಳಲಾಗದೆಂದೂ ಮೈಸೂರಿನ ವೈದ್ಯರು ತಿಳಿಸಿದರು. ಅಷ್ಟರೊಳಗೆ ಅವರ ಪದಗಳನ್ನು ಮನೆಯ ಕಂಪ್ಯೂಟರಿನಲ್ಲಿ ನಾನೇ ಮುದ್ರಿಸಿಟ್ಟುಕೊಳ್ಳಬೇಕೆಂದು ನಿರ್ಧರಿಸಿದೆ. ಇಂತಹ ವಿಷಯಗಳಲ್ಲಿ ತಿಳಿವಳಿಕೆಯುಳ್ಳ ಸಹೋದ್ಯೋಗಿಯೊಬ್ಬರು, ಪೆಟ್ಟಿಗೆಯ ಮೇಲೆ ಎಷ್ಟು ದೊಡ್ಡ ಅಂಕಿ ಇರುವುದೋ ಅಷ್ಟು ಉತ್ತಮ ಎಂದು ಸಲಹೆ ನೀಡಿದ್ದರು. ಅದರಂತೆ ಒಂದು ಚೀಟಿಯಲ್ಲಿ 192 ಎಂದು ಬರೆದುಕೊಂಡು ಸದರಿಯವರ ಅಂಗಡಿಗೆ ಹೋದೆ.

ಅವರು ಚೀಟಿಯನ್ನು ದೂರ ಹಿಡಿದು ಓದಿದರು.

"ಇದ್ರಲ್ಲಿ ಏನ್ ಹಿಡೀಬೇಕು ಮೇಡಂ?"

"ನಮ್ಮ ತಾಯಿಯವರ ಪದಗಳನ್ನು."

"ಅಮ್ಮಾವ್ರು ಬಾವಲಿ ಅಲ್ವಲ್ಲ?"

ನಾನು ಚೀಟಿಯನ್ನು ಹಿಂದಕ್ಕೆ ಪಡೆಯಲು ಕೈ ಚಾಚಿದೆ.

"ಬೇಜಾರ್ ಮಾಡ್ಕೋಬ್ಯಾಡಿ. ಬಾವಲಿ ಕೂಗೋದ್ನ ಹಿಡಿಯೋರಿಗೆ ಬೇಕಾಯ್ತದೆ ಇಷ್ಟು ದೊಡ್ ಅಂಕಿ. ಮನುಷ್ರ ದನಿಗೆ, ಮನುಷ್ರ ಕಿವಿಗೆ ಇದ್ರಲ್ಲಿ ಕಾಲು ಭಾಗ ಸಾಕು. ಕೂತ್ಕಳಿ, ಟೀ ಹೇಳ್ತೀನಿ."

ಅಂದು ಅವರು ಹೇಳಿಕೊಟ್ಟದ್ದನ್ನು ಯಾವ ತರಬೇತಿಯಲ್ಲಿಯೂ ಯಾರೂ ನನಗೆ ಅಷ್ಟು ಸರಳವಾಗಿ ಹೇಳಿಕೊಟ್ಟಿಲ್ಲ. ಅವರು ಪಿರಿಯಾಪಟ್ಟಣದ ಕಡೆಯವರು. ಮನೆಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇತ್ತು.

"ಸೊಪ್ಪು ಬೇಯೋವಾಗ ಒಳಗೆ ಶಾಖ ಎಷ್ಟದೆ ಅಂತ ಗಾಜಿನ ಕಿಂಡೀಲಿ ನೋಡಿ ಪುಸ್ತಕದಲ್ಲಿ ಬರ್ಯೋದು ನನ್ ಕೆಲ್ಸ. ಬೆಳಿಗ್ಗೆ ಒಂದ್ ಸಲ, ಸಾಯಂಕಾಲ ಒಂದ್ ಸಲ ನೋಡಿದ್ರೆ ಏನಾಯ್ತದೆ ಹೇಳಿ? ಮಧ್ಯ ಉರಿ ಏರಿದ್ದೂ ಗೊತ್ತಾಗಲ್ಲ, ಇಳ್ದಿದ್ದೂ ಗೊತ್ತಾಗಲ್ಲ. ಗಂಟೆಗೊಂದ್ ಸಲ ನೋಡಿ ಬರುದ್ರೆ, ಆಮೇಲೆ ಪುಸ್ತಕ ಓದ್ದೋರ್ಗೂ ಬ್ಯಾರನ್ ಒಳಗೆ ಏನೇನಾಯ್ತು ಅಂತ ಕಣ್ಗೆ ಕಟ್ತದೆ. ಅಂಗಂತ ನಿಮಿಷಕ್ಕೊಂದ್ ಸಲ ನೋಡಿದ್ರೆ ಸೊಪ್ಪು ಬ್ಯಾಗ ಹಳದಿ ಆಯ್ತದಾ? ಪುಸ್ತಕ ತುಂಬ್ತದೆ ಅಷ್ಟೆ."

ಕಂಪ್ಯೂಟರು ಕೂಡ ಧ್ವನಿಯನ್ನು ಹಾಗೆಯೇ ಇಣುಕಿ ನೋಡಿ ಬರೆದುಕೊಳ್ಳುತ್ತದೆ. ಮನುಷ್ಯರ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರದವರೆಗಿನ ಕಂಪನಗಳನ್ನಷ್ಟೇ ಕೇಳಬಲ್ಲದು. ಏರಿದ್ದನ್ನೊಮ್ಮೆ, ಇಳಿದದ್ದನ್ನೊಮ್ಮೆ ನೋಡಬೇಕಾದ್ದರಿಂದ ಅದರ ಎರಡರಷ್ಟು ಸಲ, ಮೇಲೆ ಕೊಂಚ ಹೆಚ್ಚು ನೋಡಿದರೆ ಸಾಕು. ಆದ್ದರಿಂದಲೇ ಸೆಕೆಂಡಿಗೆ ನಲವತ್ತನಾಲ್ಕು ಸಾವಿರದ ನೂರು ಸಲ. ನನ್ನ ಚೀಟಿಯ 192 ಕೂಡ ಸಾವಿರದ ಲೆಕ್ಕದ್ದೇ. ಇದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು, ಅಂಕಿಯ ಕೆಳಗೆ ಎರಡು ಗೆರೆ ಎಳೆದೆ.

"ಕಾರ್ಡ್ ತಗೊಳ್ಳೋವಾಗ ಪೆಟ್ಟಿಗೆ ಓದ್ಬ್ಯಾಡಿ," ಎಂದರು. "ಮೈಕ್ ಚುಚ್ಚಿ ಸುಮ್ನೆ ಕೂತ್ಕಂಡು ಕೇಳಿ. ನೀವು ಸುಮ್ನಿರೋವಾಗ ಕಾರ್ಡು ಏನ್ ಗೊಣಗ್ತದೆ ಅಂತ ನೋಡಿ. ಕಮ್ಮಿ ಗೊಣಗೋದು ಒಳ್ಳೇದು. ಕಚೇರೀಲೂ ಅಂಗೇ ಅಲ್ವಾ?"

ಅವರ ಮೇಜಿನ ಕೆಳಗೆ ಮುಚ್ಚಳವಿಲ್ಲದ ಒಂದು ಹಳೆಯ ಕಂಪ್ಯೂಟರು ಇತ್ತು. ನಿಮ್ಮದರಲ್ಲಿಯೂ ನಲವತ್ತನಾಲ್ಕೇ ಇರಬೇಕಲ್ಲವೇ ಎಂದು ಕೇಳಿದೆ. ಅವರು ಅದರ ಬೆನ್ನು ತಟ್ಟಿದರು.

"ಇದ್ರೊಳಗಿರೋ ಕಾರ್ಡು ಹಳೇ ಕಾಲದ್ದು. ಹುಟ್ಟಿದ್ದೇ ನಲವತ್ತೆಂಟಕ್ಕೆ. ನಲವತ್ನಾಕು ಕೊಡು ಅಂದ್ರೂ ಕೊಡ್ತದೆ, ಆದ್ರೆ ಒಳಗೇ ಕೂತು ತಿದ್ದಿ ಕೊಡ್ತದೆ, ತಿದ್ದೋವಾಗ ಒಂಚೂರು ಹೊಲ್ಸ್ ಮಾಡ್ತದೆ. ಅದ್ಕೇ ಅದು ಹೆಂಗ್ ಹುಟ್ಟದೋ ಅಂಗೇ ಇರ್ಲಿ ಅಂತ ಬುಟ್ಟಿವ್ನಿ."

ಈ ಮಾತನ್ನು ನಾನು ಕೇಳಿಸಿಕೊಂಡೆ. ಆದರೆ ಬರೆದುಕೊಳ್ಳಲಿಲ್ಲ.

ಕೊನೆಗೆ ನಾನು ಬಯಸಿದ್ದರ ಬದಲಿಗೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕಾರ್ಡನ್ನು ಕೊಟ್ಟು, ಮನೆಗೇ ಬಂದು ಜೋಡಿಸಿ, ನಲವತ್ತನಾಲ್ಕಕ್ಕೆ ಇಟ್ಟು ಹೋದರು. ಹೋಗುವಾಗ, ಶಸ್ತ್ರಚಿಕಿತ್ಸೆ ಹತ್ತಿರವಿರುವುದರಿಂದ ಕಲಿಯುತ್ತಾ ಕೂರಬೇಡಿ, ಈ ಸಲಕ್ಕೆ ಅಮ್ಮನವರನ್ನು ಅಂಗಡಿಗೇ ಕರೆತನ್ನಿ ಎಂದರು.

ತಾಯಿಯವರು ಹನಗೋಡಿನಿಂದ ಬೆಳಗಿನ ಬಸ್ಸಿಗೆ ಬಂದರು. ಹಸಿರು ಸೀರೆ, ಗಂಟಲು ಮರೆಯಾಗುವಂತೆ ಹೊದ್ದ ಸೆರಗು. ಸದರಿಯವರು ತಾಯಿಯವರನ್ನು ಮೈಕಿನ ಮುಂದೆ ಕೂರಿಸಿ, ಫ್ಯಾನು ಆರಿಸಿ, ಗೋಡೆ ತಟ್ಟಿ, ಗುಂಡಿ ಒತ್ತಿದರು. ಮೇಜಿನ ಮೇಲಿನ ಕೆಂಪು ದೀಪ ಹತ್ತಿತು. ಹೊರಗೆ ಬಸ್ಸೊಂದು ನಿಂತು ಗುರುಗುಟ್ಟುತ್ತಿತ್ತು. ಅವರು ಕಣ್ಣು ಮುಚ್ಚಿ ಕುಳಿತುಬಿಟ್ಟರು. ತಾಯಿಯವರು ನನ್ನ ಕಡೆಗೊಮ್ಮೆ, ಅವರ ಕಡೆಗೊಮ್ಮೆ ನೋಡಿ ಬೇಸತ್ತರು.

"ಇದೇನಪ್ಪ, ಪದ ಹೇಳೋಕ್ ಬಂದ್ರೆ ಬಸ್ ಕಾಯೋಕ್ ಕೂರ್ಸ್‌ಬುಟ್ಟೆ?"

ಅವರು ಕಣ್ಣು ತೆರೆಯದೆಯೇ ಹೇಳಿದರು: "ಏನ್ ಮಾಡದವ್ವ. ಬಸ್ಸು ಅರ್ಧ ಗಂಟೆಗೊಂದು ಬತ್ತದೆ. ನಿಮ್ ದನಿ ಇದೊಂದೇ ಸಲ ಬರೋದು."

ತಾಯಿಯವರು ಸೆರಗನ್ನು ಗಂಟಲಿನಿಂದ ಸರಿಸಿ ನೆಟ್ಟಗೆ ಕುಳಿತರು. ಬಸ್ಸು ಹೋದ ಮೇಲೆ ಪದ ಎತ್ತಿದರು. ಎರಡು ನಾಟಿಯ ಪದ, ಒಂದು ಸೋಬಾನೆ. ಕೊನೆಯದರಲ್ಲಿ ತವರಿನಿಂದ ಹೊರಟ ಹುಡುಗಿ ಹೊಸ್ತಿಲ ಬಳಿ ನಿಂತು ಹಿಂದಕ್ಕೆ ನೋಡುವಲ್ಲಿ ಅವರ ದನಿ ಏರಿ, ತುದಿಯಲ್ಲಿ ತುಸು ನಡುಗಿ, ಅಲ್ಲಿಯೇ ನಿಂತಿತು. ಕೆಂಪು ದೀಪ ಆರಿತು. ಅಭ್ಯಾಸಬಲದಿಂದ ನಾನು ದಿನಚರಿಯಲ್ಲಿ ದೀಪ ಹತ್ತಿದ ಸಮಯ ಮತ್ತು ಆರಿದ ಸಮಯಗಳನ್ನು ನಮೂದಿಸಿದೆ: ಹತ್ತು ಗಂಟೆ ನಲವತ್ತು ನಿಮಿಷ, ಹತ್ತು ಗಂಟೆ ಐವತ್ತೊಂದು ನಿಮಿಷ.

ಧ್ವನಿ ಯಾರದೋ ಅವರ ಮನೆಗೆ ಅದರ ಒಂದು ಪ್ರತಿ ಅಂದೇ ಹೋಗಬೇಕೆಂಬುದು ಸದರಿಯವರ ನಿಯಮ. ಕತ್ತರಿಸಿ ಶುದ್ಧಪಡಿಸಿದ ಪ್ರತಿಯನ್ನು ಅನಂತರ ಕೊಡುತ್ತಿದ್ದರು. ಅಂದೇ ಕೊಡುವುದನ್ನು ಅವರು ಹಸಿ ಪ್ರತಿ ಎನ್ನುತ್ತಿದ್ದರು. ತಾಯಿಯವರ ಹಸಿ ಪ್ರತಿಯನ್ನು ಒಂದು ಪೆನ್ ಡ್ರೈವಿಗೆ ಹಾಕಿ, ಔಷಧಿ ಅಂಗಡಿಯಿಂದ ಕೇಳಿ ತಂದಿಟ್ಟುಕೊಂಡಿದ್ದ ಮಾತ್ರೆಯ ಹಳದಿ ಲಕೋಟೆಯಲ್ಲಿಟ್ಟು, ಅದರ ಮೇಲೆ ಮೋಟು ಪೆನ್ಸಿಲಿನಿಂದ ಏನನ್ನೋ ಬರೆದು ತಾಯಿಯವರ ಕೈಗೇ ಕೊಟ್ಟರು. "ತಿದ್ದಿದ್ದನ್ನ ಆಮೇಲೆ ಕೊಡ್ತೀನಿ ಕಣವ್ವ. ಆಸ್ಪತ್ರೆ ಮುಗಿಸ್ಕಂಡ್ ಬನ್ನಿ," ಎಂದರು.

ನಾನು ಮಾಡಿದ ತಪ್ಪನ್ನು ಇಲ್ಲಿ ಮರೆಮಾಚದೆ ನಿವೇದಿಸಬೇಕಾಗಿದೆ. ಅಮೂಲ್ಯವಾದ ದಾಖಲೆಯನ್ನು ಮಾತ್ರೆಯ ಲಕೋಟೆಯಲ್ಲಿಡುವುದು ನನಗೆ ಸರಿಕಾಣಲಿಲ್ಲ. ಮನೆಗೆ ಬಂದವಳೇ ಪೆನ್ ಡ್ರೈವನ್ನು ಹೊಸ ಬಿಳಿ ಲಕೋಟೆಗೆ ವರ್ಗಾಯಿಸಿ, ತಾಯಿಯವರ ಧ್ವನಿ, ಮೂಲ ಪ್ರತಿ ಎಂದು ದುಂಡಗೆ ಬರೆದು, ಅಂಟಿಸಿ, ಬೀರುವಿನಲ್ಲಿಟ್ಟೆ. ಹಳದಿ ಲಕೋಟೆಯ ಮೇಲಿದ್ದ ಅಂಕಿ ಅವರ ಅಂಗಡಿಯ ಲೆಕ್ಕದ ಕ್ರಮಸಂಖ್ಯೆ ಇರಬೇಕೆಂದು ಭಾವಿಸಿ, ಅದನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದೆ.

ಶಸ್ತ್ರಚಿಕಿತ್ಸೆ ನಡೆಯಿತು. ತಾಯಿಯವರು ಉಳಿದರು. ಧ್ವನಿ ಉಳಿಯಲಿಲ್ಲ. ಒಣ ಎಲೆಯ ಮೇಲೆ ಕಾಲಿಟ್ಟಂತಹ ಪಿಸುಮಾತಷ್ಟೇ ಈಗ ಅವರಿಂದ ಹೊರಡುತ್ತದೆ. ಅವರ ಶುಶ್ರೂಷೆಗಾಗಿ ರಜೆಯ ಮೇಲಿದ್ದು ಆರು ವಾರಗಳ ನಂತರ ಹ್ಯಾಂಡ್‌ಪೋಸ್ಟಿಗೆ ಮರಳಿದಾಗ ರೆಕಾರ್ಡಿಂಗ್ ಅಂಗಡಿಯ ಬಾಗಿಲು ಮುಚ್ಚಿತ್ತು. ಅದರ ಮೇಲೆ ಅವರ ಚಿತ್ರವಿದ್ದ ಸಣ್ಣ ಹಾಳೆಯನ್ನು ಅಂಟಿಸಿದ್ದರು. ಹೃದಯಾಘಾತವೆಂದು ಟೀ ಅಂಗಡಿಯವರು ತಿಳಿಸಿದರು. ಬಸ್ಸಿನ ಗದ್ದಲದಲ್ಲಿ ಅವರ ಮಾತು ನನಗೆ ಸರಿಯಾಗಿ ಕೇಳಿಸದೆ ಎರಡು ಸಲ ಹೇಳಿಸಿಕೊಂಡೆ.

ಸಂತಾಪ ಸೂಚಿಸಲು ಅವರ ಮನೆಗೆ ಹೋದೆ. ಅವರ ಪತ್ನಿಯವರು ಬಾಗಿಲ ಪಕ್ಕ ಗೋಡೆಗೊರಗಿ ಕುಳಿತಿದ್ದರು. ಮಾಲೀಕರಿಗೆ ಮಳಿಗೆ ಬಿಟ್ಟುಕೊಡುವಾಗ ಹಳೆಯ ಕಂಪ್ಯೂಟರು ಗುಜರಿಗೆ ಹೋಯಿತೆಂದು ತಿಳಿಸಿ, ಮುಂದುವರಿದು ಹೇಳಿದರು:

"ಊರೋರ್ ದನಿ ಎಲ್ಲಾ ಹಿಡುದ್ರು ಮೇಡಂ. ಅವ್ರದ್ದು ಅಂತ ಒಂದ್ ಮಾತಿಲ್ಲ ಈ ಮನೇಲಿ. ನೆನ್ನೆ ಫೋನಲ್ಲೆಲ್ಲ ಹುಡುಕ್ಸ್ದೆ. ಇಲ್ಲ."

ನನ್ನಲ್ಲಿಯೂ ಇಲ್ಲವೆಂದು ಉತ್ತರಿಸಿದೆ. ನನಗೆ ತಿಳಿದಮಟ್ಟಿಗೆ ಅದು ಸತ್ಯವಾಗಿತ್ತು.

ತಾಯಿಯವರ ಗಾಯ ಮಾಗಿದ ಮೇಲೆ ಬೀರುವಿನಿಂದ ಬಿಳಿ ಲಕೋಟೆಯನ್ನು ತೆಗೆದೆ. ಕಡತವನ್ನು ತೆರೆಯಲು ಹೋದಾಗ ಕಂಪ್ಯೂಟರು, ಇದು ಸೆಕೆಂಡಿಗೆ ಎಷ್ಟು ಸಲ ನೋಡಿ ಬರೆದದ್ದು ಎಂದು ನನ್ನನ್ನೇ ಕೇಳಿತು. ಅವರ ಹಳೆಯ ಯಂತ್ರ ಆ ಮಾಹಿತಿಯನ್ನು ಕಡತದೊಳಗೆ ಬರೆಯುತ್ತಿರಲಿಲ್ಲ. ಗುರುಗಳು ಕಲಿಸಿದ್ದನ್ನು ಮರೆತಿಲ್ಲವೆಂಬ ಹೆಮ್ಮೆಯಿಂದ ನಲವತ್ತನಾಲ್ಕು ಸಾವಿರದ ನೂರು ಎಂದು ತುಂಬಿದೆ. ಮೊದಲಿಗೆ ಬಸ್ಸಿನ ಗುರುಗುಟ್ಟುವಿಕೆ, ಅದರ ನಡುವೆ ಯಾರೋ ದಪ್ಪ ದನಿಯ ಗಂಡಸಿನ ಮಾತು ಅರೆಬರೆ ಕೇಳಿತು. ಟೀ ಅಂಗಡಿಯವರಿರಬೇಕೆಂದು ಭಾವಿಸಿ ಅದನ್ನು ದಾಟಿಸಿ ಮುಂದಕ್ಕೆ ಹೋದೆ. ಪದ ಬಂತು. ಮಾತುಗಳೆಲ್ಲ ಅವೇ. ಆದರೆ ದನಿ ಭಾರವಾಗಿ, ಕಾಲೆಳೆದುಕೊಂಡು ನಡೆಯುತ್ತಿತ್ತು.

ಹನಗೋಡಿಗೆ ಹೋಗಿ ಮಧ್ಯಾಹ್ನ ಊಟವಾದ ಮೇಲೆ ತಾಯಿಯವರಿಗೆ ಕೇಳಿಸಿದೆ. ಅವರು ಒಂದು ಪದ ಪೂರ್ತಿ ಕೇಳಿ, ನನ್ನ ಕೈ ಹಿಡಿದು ತಮ್ಮ ಬಾಯಿಯ ಹತ್ತಿರಕ್ಕೆ ನನ್ನನ್ನು ಎಳೆದುಕೊಂಡರು.

"ಇದು ನಾನಲ್ಲ ಕಣವ್ವ."

"ನೀನೇ ಕಣವ್ವ. ಅವತ್ತು ಹ್ಯಾಂಡ್‌ಪೋಸ್ಟಲ್ಲಿ ಹೇಳಿದ್ದಲ್ವಾ?"

"ನನ್ ದನಿ ನಂಗ್ ಗೊತ್ತಿಲ್ವಾ? ಪದ ನಂದು. ಹೇಳ್ತಾ ಇರೋಳು ಯಾರೋ."

ಮತ್ತೆ ಕೇಳಿಸೆಂದು ಅವರು ಹೇಳಲಿಲ್ಲ. ಎದ್ದು ಹೋಗಿ ಹುರುಳಿಕಾಳು ಆರಿಸಲು ಕುಳಿತರು. ನಾನು ಆ ಪೆನ್ ಡ್ರೈವನ್ನು ಕೃಷ್ಣರಾಜನಗರದ ಒಂದು ಸ್ಟುಡಿಯೊಗೂ ಕೊಂಡೊಯ್ದೆ. ಗಡ್ಡೆಯಿದ್ದುದರಿಂದ ದನಿ ದಪ್ಪವಾಗಿರುತ್ತದೆ, ಧ್ವನಿಮುದ್ರಣದಲ್ಲಿ ದೋಷವಿಲ್ಲ ಎಂದು ಅಲ್ಲಿನವರು ಅಭಿಪ್ರಾಯಪಟ್ಟರು. ಒಪ್ಪಬಹುದಾದ ಮಾತೇ. ಆದರೆ ನನ್ನನ್ನು ಹೆದರಿಸಿದ್ದು ಬೇರೆ. ಒಂದು ತಿಂಗಳು ಅದನ್ನೇ ಪದೇಪದೇ ಕೇಳಿದ ಮೇಲೆ, ತಾಯಿಯವರ ನಿಜವಾದ ದನಿಯನ್ನು ನೆನೆಯಲು ಹೋದರೆ ಈ ಭಾರದ ದನಿಯೇ ಅಡ್ಡ ಬರತೊಡಗಿತು. ಗದ್ದೆಯ ಬದುವಿನಲ್ಲಿ ನಿಂತು ಕೇಳಿದ್ದನ್ನು ಕಿವಿ ಕೈಬಿಡುತ್ತಿತ್ತು. ಇನ್ನೊಂದು ವರ್ಷ ಕಳೆದರೆ ಅದು ನನಗೂ ಇರುವುದಿಲ್ಲ, ಅವರಿಗಂತೂ ಇಲ್ಲವೇ ಇಲ್ಲ ಎನಿಸಿತು. ಆ ದಿನಗಳಲ್ಲಿ ಮುಚ್ಚಿದ ಮಳಿಗೆಯ ಮುಂದೆ ನಿಂತು, ಒಮ್ಮೆ ಬಾಗಿಲು ತೆರೆದು ತಲೆ ವಾಲಿಸಿ ಇದನ್ನು ಕೇಳಿಬಿಡಬಾರದೇ ಎಂದು ಅವರನ್ನು ಮನಸ್ಸಿನಲ್ಲಿಯೇ ಪ್ರಾರ್ಥಿಸಿದ್ದೇನೆ.

ಹಾಗೆ ನಿಂತಿದ್ದಾಗಲೇ ಮೈಕಿನ ಆಟೋದವರು ಸಿಕ್ಕರು. ಊರಿನ ಸಭೆ, ಲಸಿಕೆ, ಆನೆ ಬಂದ ಸುದ್ದಿ, ಎಲ್ಲವನ್ನೂ ಸಾರುತ್ತಾ ಹೋಗುವ ಆಟೋ ಅವರದು. ಸಾರುವ ಪ್ರಕಟಣೆಗಳನ್ನೆಲ್ಲ ಮುದ್ರಿಸಿಕೊಡುತ್ತಿದ್ದವರು ಸದರಿಯವರೇ.

"ಅವ್ರಿಲ್ದೆ ನನ್ ಆಟೋಗೆ ಗಂಟ್ಲೇ ಕಟ್ದಂಗಾಗದೆ ಮೇಡಂ," ಎಂದರು. ಅನಂತರ ತಾವಾಗಿಯೇ ನಗತೊಡಗಿದರು. "ಆನೆ ಕಥೆ ಹೇಳಿದ್ರಾ ನಿಮ್ಗೆ? ಕಾಡಾನೆ ಬಂದದೆ ಉಷಾರು ಅಂತ ಯಾರೋ ಮೇಷ್ಟ್ರ ದನೀಲಿ ಹಿಡ್ಕೊಟ್ಟಿದ್ರು. ನನ್ ಪೆಟ್ಗೇಲಿ ಅರ್ಧಕ್ಕರ್ಧ ಕಮ್ಮಿ ಓಟಕ್ಕೆ ಇಟ್ಟಿತ್ತು, ನಂಗೇನ್ ಗೊತ್ತು? ಹಾಡೀಲಿ ಹಾಕಿದ್ರೆ ಕಾ... ಡಾ... ನೇ... ಅಂತ ಗುಹೆಯಿಂದ ಬಂದಂಗ್ ಬತ್ತಾ ಅದೆ. ಅಲ್ಲೊಬ್ಬ ಅಜ್ಜ ಎದ್ ಬಂದು, ಏನಪ್ಪ, ಈ ಸಲ ಆನೇನೇ ಆಟೋದಲ್ಲಿ ಕೂರಿಸ್ಕಂಡ್ ಬಂದು ಹೇಳ್ಸ್ತಿದ್ದೀಯಾ ಅಂದ."

ನಾನೂ ನಕ್ಕೆ. ಬಹಳ ದಿನಗಳ ನಂತರ.

"ಅವತ್ತಿಂದ ಸುರು ಮಾಡುದ್ರು ನೋಡಿ ಪೆನ್ಸಿಲ್ಲು. ಯಾವ್ದೇ ಕವರ್ ಕೊಡ್ಲಿ, ಮೇಲೆ ಅಂಕಿ. ಕೇಳೋಕ್ ಮುಂಚೆ ಇದ್ನ ಓದ್ಕೋ ಅನ್ನೋರು. ನಿಮ್ ಕವರ್ ಮೇಲೆ ಏನ್ ಬರ್ದಿದ್ರು?"

ನನ್ನ ನಗು ಅಲ್ಲಿಗೇ ನಿಂತಿತು. ಏನು ಬರೆದಿದ್ದರೆಂಬುದು ನನಗೆ ನೆನಪಿರಲಿಲ್ಲ. ಒಂದು ಅಂಕಿ ಇತ್ತು, ಪೆನ್ಸಿಲಿನದು, ಸ್ವಲ್ಪ ಓರೆಯಾಗಿತ್ತು ಎಂಬಷ್ಟೇ ನೆನಪು. ಅದನ್ನು ಹರಿಯುವಾಗ ಕಾಗದ ಮಾಡಿದ ಸದ್ದು ಕೂಡ ನೆನಪಿದೆ.

ಮನೆಗೆ ಬಂದೆ. ಹರಿದ ಲಕೋಟೆ ಮರಳಿ ಬರುವಂತಿರಲಿಲ್ಲ. ಆದರೆ ಕಚೇರಿಯಲ್ಲಿ ಮೂಲ ಪತ್ರ ಕಳೆದುಹೋದಾಗ ನಾವು ಇತರ ದಾಖಲೆಗಳ ಮೂಲಕ ಅದನ್ನು ಪುನರ್ರಚಿಸುವುದುಂಟು. ದಿನಚರಿಯನ್ನು ತೆಗೆದೆ. ಕೆಂಪು ದೀಪ ಹತ್ತಿದ್ದು ಹತ್ತು ನಲವತ್ತಕ್ಕೆ, ಆರಿದ್ದು ಹತ್ತು ಐವತ್ತೊಂದಕ್ಕೆ. ಹನ್ನೊಂದು ನಿಮಿಷ. ಕಂಪ್ಯೂಟರಿನಲ್ಲಿ ಅದೇ ಧ್ವನಿ ಮುಗಿಯಲು ಹನ್ನೆರಡಕ್ಕೆ ಎರಡೇ ಸೆಕೆಂಡು ಕಡಿಮೆ ಸಮಯ ಹಿಡಿಯುತ್ತಿತ್ತು. ಅಂದು ಇಲ್ಲದಿದ್ದ ಒಂದು ನಿಮಿಷ ಎಲ್ಲಿಂದ ಬಂತು?

ಬ್ಯಾರನ್ನಿನ ಪುಸ್ತಕ ನೆನಪಾಯಿತು. ಗಂಟೆಗೊಮ್ಮೆ ಬರೆದ ಪುಸ್ತಕವನ್ನು, ಇನ್ನೂ ಹೆಚ್ಚು ಅಂತರದಲ್ಲಿ ಬರೆದದ್ದೆಂದು ತಿಳಿದು ಓದಿದರೆ ಸೊಪ್ಪು ನಿಧಾನವಾಗಿ ಬೆಂದಂತೆ ಕಾಣುತ್ತದೆ. ಸೊಪ್ಪಿನದು ತಪ್ಪಲ್ಲ, ಬರೆದವರದೂ ಅಲ್ಲ, ಓದಿದವರದು. ನಲವತ್ತನಾಲ್ಕು ಸಾವಿರದ ನೂರನ್ನು ಹನ್ನೆರಡರಿಂದ ಗುಣಿಸಿ ಹನ್ನೊಂದರಿಂದ ಭಾಗಿಸಿದೆ. ನಲವತ್ತೆಂಟು ಸಾವಿರದ ನೂರಚಿಲ್ಲರೆ ಬಂತು. ಕಾಗದದ ಮೇಲೆ ಆ ಅಂಕಿ ಮೂಡಿದೊಡನೆ ಅವರ ಅಂಗೈ ಹಳೆಯ ಯಂತ್ರದ ಬೆನ್ನು ತಟ್ಟಿದ್ದು ಕಣ್ಣ ಮುಂದೆ ಬಂತು. ಹುಟ್ಟಿದ್ದೇ ನಲವತ್ತೆಂಟಕ್ಕೆ.

ಆ ಸಂಖ್ಯೆಯನ್ನು ತುಂಬಿ ಕೇಳಲಿಲ್ಲ. ಮೊದಲು ಕೇಳಬೇಕಾದವರು ನಾನಲ್ಲವೆನಿಸಿತು. ಭಾನುವಾರ ಎಲ್ಲವನ್ನೂ ಹೊತ್ತುಕೊಂಡು ಹನಗೋಡಿಗೆ ಹೋದೆ. ತಾಯಿಯವರು ಜಗುಲಿಯ ಮೇಲಿದ್ದರು. ಅದು ಬೇಡ ಎಂಬಂತೆ ಕೈಯಾಡಿಸಿದರು. ಒಂದೇ ಸಲ ಎಂದು ಬೇಡಿಕೊಂಡು, ನಲವತ್ತೆಂಟು ಸಾವಿರ ಎಂದು ತುಂಬಿ ಹಾಕಿದೆ. ಬಸ್ಸಿನ ಸದ್ದು ಆರಂಭವಾಯಿತು. ಎಂದಿನಂತೆ ಮುಂದಕ್ಕೆ ದಾಟಿಸಲು ಕೈ ನೀಡಿದಾಗ ತಾಯಿಯವರು ನನ್ನ ಮಣಿಕಟ್ಟು ಹಿಡಿದರು.

"ತಡಿ," ಎಂದು ಪಿಸುಗುಟ್ಟಿದರು. "ಬಸ್ ಹೋಗ್ಲಿ."

ಆಗ ಕೇಳಿದೆವು. ದಪ್ಪ ದನಿಯ ಗಂಡಸು ಯಾರೂ ಇರಲಿಲ್ಲ. ಟೀ ಅಂಗಡಿಯವರೂ ಅಲ್ಲ. ತೆಳುವಾದ, ತುಸು ಮೂಗಿನಲ್ಲಿ ಆಡುವ ದನಿಯಲ್ಲಿ ಅವರೇ ಹೇಳುತ್ತಿದ್ದರು: ಏನ್ ಮಾಡದವ್ವ, ಬಸ್ಸು ಅರ್ಧ ಗಂಟೆಗೊಂದು ಬತ್ತದೆ. ಕತ್ತರಿಸಲು ಅವರಿಗೆ ಸಮಯ ಸಿಕ್ಕಿರಲಿಲ್ಲ. ಬಸ್ಸು ಹೊರಟಿತು, ಎರಡನೇ ಗೇರಿಗೆ ಬಿತ್ತು, ದೂರವಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಅನಂತರ ಅವರ ಮಾತು: "ಓಯ್ತು. ಈಗ ಹೇಳಿ."

ಪದ ಎದ್ದಿತು. ಗದ್ದೆಯ ಆ ಬದುವಿನವರೆಗೆ ಹೋಗುವ ದನಿ. ತಾಯಿಯವರು ಕಣ್ಣು ಮುಚ್ಚಿದ್ದರು. ಶಬ್ದವಿಲ್ಲದೆ ಅವರ ತುಟಿಗಳು ಪದದ ಜೊತೆಯಲ್ಲಿ ಚಲಿಸುತ್ತಿದ್ದವು, ಒಂದು ಅಕ್ಷರವೂ ಹಿಂದೆ ಮುಂದೆ ಆಗಲಿಲ್ಲ. ಹೊಸ್ತಿಲ ಬಳಿ ಹುಡುಗಿ ನಿಂತು ತಿರುಗಿ ನೋಡುವಲ್ಲಿ ದನಿ ಏರಿ ನಡುಗಿದಾಗ ಅವರ ಗಂಟಲಿನ ಗಾಯದ ಗೆರೆಯೂ ಅಲುಗಿತು. ಮುಗಿದ ಮೇಲೆ ಬೆರಳನ್ನು ತಮ್ಮ ಎದೆಗೆ ಒತ್ತಿ ತೋರಿಸಿದರು. "ಊಂ. ನಾನು."

ಆ ವಾರವೇ ಒಂದು ಪ್ರತಿ ಮಾಡಿ, ಔಷಧಿ ಅಂಗಡಿಯಿಂದ ಹಳದಿ ಲಕೋಟೆಯೊಂದನ್ನು ಕೇಳಿ ಪಡೆದು, ಅದರ ಮೇಲೆ ಪೆನ್ಸಿಲಿನಲ್ಲಿ 48 ಎಂದು ಬರೆದು ಸದರಿಯವರ ಪತ್ನಿಯವರಲ್ಲಿಗೆ ಕೊಂಡೊಯ್ದೆ. ಈ ಹಿಂದೆ ನನ್ನಲ್ಲಿ ಇಲ್ಲವೆಂದು ತಿಳಿಸಿದ್ದು ತಪ್ಪು ಮಾಹಿತಿಯಾಗಿತ್ತೆಂದು ಕ್ಷಮೆ ಕೋರಿದೆ. ಅವರಿಗೆ ಅರ್ಥವಾಗಲಿಲ್ಲ. ವಿವರಿಸುವ ಬದಲು ಹಾಕಿ ಕೇಳಿಸಿದೆ. ಅವರು ಗೋಡೆಗೊರಗಿ ಕುಳಿತಿದ್ದವರು ಬೆನ್ನು ನೆಟ್ಟಗೆ ಮಾಡಿದರು. ಮಾತು ಬಂತು, ಬಸ್ಸು ಹೋಯಿತು, ಈಗ ಹೇಳಿ ಎಂಬುದೂ ಬಂತು. ನನ್ನ ತಾಯಿಯವರು ಪದ ಎತ್ತುತ್ತಿದ್ದಂತೆಯೇ ಅವರು ಕೈ ಚಾಚಿ ನನ್ನ ತೋಳನ್ನು ಮುಟ್ಟಿದರು.

"ಪದ ಆಮೇಲ್ ಕೇಳ್ತೀನಿ ಮೇಡಂ. ಆ ಬಸ್ ಹೋಗೋಗಂಟ ಇನ್ನೊಂದ್ ಸಲ ಹಾಕಿ."